ನೆಲದಡಿಯ ವೈರಿಂಗ್ ಕೈಕೊಟ್ಟಾಗ: ಟೈಲ್ಸ್ ಒಡೆಯುವ ಮುಂಚೆ

ಗೋಡೆಯೊಳಗಿನ ವೈರಿಂಗ್ ಕೆಟ್ಟರೆ ಅಷ್ಟೊಂದು ದಿಗಿಲಾಗುವುದಿಲ್ಲ. ಒಂದು ಪಟ್ಟಿ ಗಾರೆ ಕೆರೆದು, ಮತ್ತೆ ಮೆತ್ತಿ, ಬಣ್ಣ ಬಳಿದರೆ ಆಯಿತು. ನೆಲದ ಕಥೆ ಬೇರೆ. ಮೇಲೆ ಟೈಲ್ಸ್, ಅದರಡಿ ಗಾರೆ, ಅದರಡಿ ಕಂಬಿ ಕಟ್ಟಿದ ಕಾಂಕ್ರೀಟ್, ಇವುಗಳ ನಡುವೆ ಎಲ್ಲೋ ಒಂದು ಪೈಪು, ಆ ಪೈಪಿನೊಳಗೆ ವೈರು. ಕಣ್ಣಿಗೆ ಕಾಣುವುದು ಎರಡು ತುದಿ ಮಾತ್ರ.

ನಾನೂ ಒಮ್ಮೆ ದುಡುಕಿ ಮೂರು ಟೈಲ್ಸ್ ಒಡೆದಿದ್ದೇನೆ. ವೈರ್ ಸಿಕ್ಕಿತು. ಹೊಸದರ ಹಾಗೆ ಚೆನ್ನಾಗಿತ್ತು. ದೋಷ ಇದ್ದದ್ದು ಬೀರುವಿನ ಹಿಂದಿದ್ದ ಸಾಕೆಟ್ಟಿನ ಸಡಿಲ ಸ್ಕ್ರೂನಲ್ಲಿ. ಆಮೇಲಿಂದ ನಾನು ಪಾಲಿಸುವುದು ಒಂದೇ ಕ್ರಮ. ನೆಲವನ್ನು ಕೇಳುವ ಮುಂಚೆ ಎರಡು ತುದಿಗಳನ್ನು ಕೇಳುತ್ತೇನೆ. ನೆಲದಡಿಯ ವೈರ್ ಎಲ್ಲಿ ಹೋಗಿದೆ ಅನ್ನುವುದು ತುಂಬಾ ಸಲ ಗೊತ್ತಾಗಬೇಕಾದ ಅಗತ್ಯವೇ ಇರುವುದಿಲ್ಲ.

ಯಾವಾಗ ಕೈ ಹಾಕಲೇಬಾರದು

ಬರಿಗಾಲಲ್ಲಿ ನಿಂತರೆ ಜುಮ್ ಅನ್ನುತ್ತಿದೆಯಾ? ನಲ್ಲಿ ಮುಟ್ಟಿದರೆ ಚುರುಕ್ ಅಂತಿದೆಯಾ? ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದೆಯಾ? ನೀರು ನುಗ್ಗಿ ಸಾಕೆಟ್ ಮುಳುಗಿದೆಯಾ? ಇವುಗಳಲ್ಲಿ ಒಂದಿದ್ದರೂ ಪತ್ತೇದಾರಿ ಕೆಲಸ ಬೇಡ. ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಹತ್ತಿರ ಹೋಗಲು ಒದ್ದೆ ನೆಲ ದಾಟಬೇಕು ಅಂತಿದ್ದರೆ ಅದನ್ನೂ ಮಾಡಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ವಿದ್ಯುತ್ ಸರಬರಾಜು ಮಾಡುವವರಿಗೆ ಫೋನ್ ಮಾಡಿ. ಮೇನ್ ಇಳಿಸಿದ ಮೇಲೂ ಜುಮ್ ಅನ್ನುವುದು ನಿಲ್ಲದಿದ್ದರೆ ಅದು ಹೊರಗಿನಿಂದ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಅಥವಾ ಅರ್ತ್ (ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ವೈರ್) ದಾರಿಯಲ್ಲಿ ಒಳಗೆ ಬರುತ್ತಿರಬಹುದು. ಆಗಲೂ ಅವರೇ ಬರಬೇಕು.

ಇನ್ನೊಂದು ವಿಷಯ. ಮೇನ್ ಇಳಿಸಿದೆವು ಅಂದರೆ ಎಲ್ಲ ವೈರೂ ಸತ್ತಿದೆ ಅಂತ ಅಲ್ಲ. ಇನ್ವರ್ಟರ್, ಜನರೇಟರ್, ಸೋಲಾರ್ ಇದ್ದರೆ ಅವೂ ಕರೆಂಟ್ ಕೊಡುತ್ತಿರುತ್ತವೆ, ಅವನ್ನೂ ಬೇರೆಯಾಗಿ ಆಫ್ ಮಾಡಬೇಕು. ನೆಲದ ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟಿನ ವೈರುಗಳು ಜೊತೆಯಾಗಿ ಹೋಗಿರುವುದೂ ಉಂಟು. ಹಾಗಾಗಿ ಒಂದು ಎಂಸಿಬಿ (ಒಂದು ಸರ್ಕ್ಯೂಟಿನಲ್ಲಿ ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿ ಸಾಕೆಟ್ ಬಾಕ್ಸಿಗೆ ಕೈ ಹಾಕಬೇಡಿ. ಮೊದಲು ಕರೆಂಟ್ ಇರುವ ಜಾಗದಲ್ಲಿ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಕೈಮೀಟರ್) ಸರಿಯಾಗಿ ತೋರಿಸುತ್ತದಾ ನೋಡಿ. ಆಮೇಲೆ ಕೆಲಸ ಮಾಡಬೇಕಾದ ವೈರ್ ನೋಡಿ. ಕೊನೆಗೆ ಮತ್ತೆ ಕರೆಂಟ್ ಇರುವ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಬದುಕಿದೆಯಾ ನೋಡಿ. ಮೂರು ಹೆಜ್ಜೆ, ಅರ್ಧ ನಿಮಿಷ. ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ಹೊಳೆಯಲಿಲ್ಲ ಅನ್ನುವುದನ್ನು ಮಾತ್ರ ನಂಬಿ ವೈರ್ ಮುಟ್ಟಬೇಡಿ. ಒಣ ರಬ್ಬರ್ ಚಪ್ಪಲಿ ಹಾಕಿ ನಿಂತಿದ್ದರೆ, ಬಿಸಿಲಿನ ಬೆಳಕಿದ್ದರೆ ಅದು ಹೊಳೆದರೂ ಕಾಣುವುದಿಲ್ಲ.

ಡಿಬಿ ಬಾಕ್ಸಿನ (ಎಂಸಿಬಿಗಳು ಕೂತಿರುವ ಪೆಟ್ಟಿಗೆ) ಮುಚ್ಚಳ ತೆಗೆಯುವುದು, ಮೆಗ್ಗರ್ (ವೈರಿನ ಮೇಲ್ಪದರದಿಂದ ಕರೆಂಟ್ ಸೋರುತ್ತದಾ ಅಂತ ನೋಡುವ ಮೀಟರ್) ಹಾಕುವುದು ಇವೆಲ್ಲ ಅಭ್ಯಾಸ ಇರುವವರ ಕೆಲಸ. ಅಭ್ಯಾಸ ಇಲ್ಲದಿದ್ದರೆ ಪ್ಲಗ್ ಕಿತ್ತು ನೋಡುವುದು, ಎಂಸಿಬಿ ಇಳಿಸಿ ಏರಿಸುವುದು, ಇಷ್ಟಕ್ಕೆ ನಿಲ್ಲಿಸಿ. ಅಷ್ಟರಿಂದಲೇ ಸುಮಾರು ವಿಷಯ ಗೊತ್ತಾಗುತ್ತದೆ.

ಒಂದು ಸಾಕೆಟ್ಟಿಗೆ ಮಾತ್ರ ಕರೆಂಟ್ ಇಲ್ಲ

ನೆಲದೊಳಗೆ ವೈರ್ ತುಂಡಾಗಿದೆ ಅಂತ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಪೈಪಿನೊಳಗೆ ಸುಮ್ನೆ ಮಲಗಿರುವ ತಾಮ್ರದ ವೈರ್ ತಾನಾಗಿ ತುಂಡಾಗುವುದು ಅಪರೂಪ. ಅದನ್ನು ಡ್ರಿಲ್ಲೋ ಮೊಳೆಯೋ ಇಲಿಯೋ ತುಂಡು ಮಾಡಬೇಕು, ಅಥವಾ ಯಾರೋ ಪೈಪಿನೊಳಗೆ ಜಾಯಿಂಟ್ ಹಾಕಿ ಟೇಪ್ ಸುತ್ತಿ ತಳ್ಳಿರಬೇಕು. ಮಾಮೂಲಿ ಕಾರಣ ಎರಡು ತುದಿಯ ಸ್ಕ್ರೂ ಸಡಿಲವಾಗಿರುವುದು. ಬರೀ ಆ ಸಾಕೆಟ್ಟಿನ ತುದಿ ನೋಡಿದರೆ ಸಾಲದು. ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆಯೋ ಆ ಹಿಂದಿನ ಸಾಕೆಟ್ಟನ್ನೂ ಬಿಚ್ಚಿ ನೋಡಬೇಕು. ಸ್ಕ್ರೂ ಹತ್ತಿರ ವೈರಿನ ಮೇಲ್ಪದರ ಕಂದುಬಣ್ಣಕ್ಕೆ ತಿರುಗಿದ್ದರೆ, ಗಟ್ಟಿಯಾಗಿ ಮುರಿಯುವ ಹಾಗಿದ್ದರೆ ಸಡಿಲ ಜೋಡಣೆ ಬಿಸಿಯಾಗಿತ್ತು ಅಂತ ಲೆಕ್ಕ.

ಮಲ್ಟಿಮೀಟರ್ ಹಿಡಿದವರು ಎಡವುವ ಒಂದು ಜಾಗ ಇಲ್ಲಿದೆ. ತುಂಡಾದ ವೈರಿನ ಮೇಲೂ ಡಿಜಿಟಲ್ ಮೀಟರ್ 60, 80 ವೋಲ್ಟ್ ತೋರಿಸಬಹುದು. ಪಕ್ಕದಲ್ಲಿ ಮಲಗಿರುವ ಜೀವಂತ ವೈರಿನಿಂದ ಬಂದ ಪ್ರೇತ ವೋಲ್ಟೇಜ್ ಅದು. ಒಂದು ಬಲ್ಬ್ ಉರಿಸುವ ತಾಕತ್ತೂ ಅದಕ್ಕಿರುವುದಿಲ್ಲ. ಮೀಟರಿನಲ್ಲಿ ಲೋ-ಝಡ್ ಅನ್ನುವ ಆಯ್ಕೆ ಇದ್ದರೆ ಅದರಲ್ಲಿ ನೋಡಿ, ವೋಲ್ಟೇಜ್ ಸೊನ್ನೆಯ ಹತ್ತಿರ ಕುಸಿಯುತ್ತದೆ.

ಎರಡು ತುದಿಯೂ ಸರಿ, ಫೇಸ್ ವೈರ್ (ಕರೆಂಟ್ ತರುವ ವೈರ್) ನಿಜಕ್ಕೂ ನಡುವೆ ತುಂಡಾಗಿದೆ ಅಂತ ಖಾತ್ರಿಯಾಯಿತು ಅಂದುಕೊಳ್ಳಿ. ಆಗ ಎಲ್ಲಿ ತುಂಡಾಗಿದೆ ಅಂತ ತುದಿಯಲ್ಲೇ ಕೂತು ಲೆಕ್ಕ ಹಾಕಬಹುದು. ಎಲ್ಲ ಕರೆಂಟ್ ತೆಗೆದು, ವೈರುಗಳನ್ನು ಎರಡೂ ಕಡೆ ಬಿಚ್ಚಿ. ನ್ಯೂಟ್ರಲ್ ಮತ್ತು ಅರ್ತ್ ವೈರನ್ನು ಒಟ್ಟಿಗೆ ಸೇರಿಸಿ, ಅವಕ್ಕೂ ಫೇಸಿಗೂ ನಡುವಿನ ಕೆಪಾಸಿಟೆನ್ಸ್ (ಪಕ್ಕಪಕ್ಕದ ವೈರುಗಳು ಎಷ್ಟು ಚಾರ್ಜ್ ಹಿಡಿದಿಡುತ್ತವೆ ಅನ್ನುವ ಲೆಕ್ಕ) ಅಳೆಯಿರಿ. ವೈರ್ ಉದ್ದ ಇದ್ದಷ್ಟೂ ಈ ಅಳತೆ ಜಾಸ್ತಿ ಬರುತ್ತದೆ. ಅದೇ ಅಳತೆಯನ್ನು ಇನ್ನೊಂದು ತುದಿಯಿಂದಲೂ ಮಾಡಿ. ಈ ಕಡೆ 0.6 ನ್ಯಾನೊಫ್ಯಾರಡ್, ಆ ಕಡೆ 1.8 ಬಂತು ಅನ್ನಿ. ಒಟ್ಟು 2.4, ಅದರಲ್ಲಿ 0.6 ಅಂದರೆ ಕಾಲು ಭಾಗ. ವೈರ್ ಒಟ್ಟು 16 ಮೀಟರ್ ಇದ್ದರೆ ಈ ತುದಿಯಿಂದ ಸುಮಾರು 4 ಮೀಟರಿಗೆ ತುಂಡಾಗಿದೆ. ಕೂದಲೆಳೆಯಷ್ಟು ನಿಖರ ಇರುವುದಿಲ್ಲ, ಆದರೆ ಯಾವ ಕೋಣೆ, ಯಾವ ಗೋಡೆಯ ಹತ್ತಿರ ಅನ್ನುವಷ್ಟು ತಿಳಿಯುತ್ತದೆ. ಈ 4 ಮೀಟರಿನಲ್ಲಿ ಗೋಡೆಯ ಮೇಲಿಂದ ನೆಲಕ್ಕೆ ಇಳಿದ ಉದ್ದ, ಬಾಕ್ಸಿನೊಳಗೆ ಸುತ್ತಿಟ್ಟ ಉದ್ದ ಎಲ್ಲ ಸೇರಿದೆ ಅನ್ನುವುದನ್ನು ಮರೆಯಬೇಡಿ. ಅದನ್ನು ಕಳೆದ ಮೇಲೆ ಉಳಿದದ್ದು ನೆಲದ ಪಾಲು. ಇದನ್ನು ಮರೆತು ಒಂದೂವರೆ ಮೀಟರ್ ಆಚೆ ಅಗೆದವರನ್ನು ನಾನು ನೋಡಿದ್ದೇನೆ.

ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಿದೆ

ಆರ್‌ಸಿಸಿಬಿ ಅಂದರೆ ಕರೆಂಟ್ ಎಲ್ಲೋ ಅರ್ತಿಗೆ ಸೋರಿದರೆ ತಾನಾಗಿ ಆಫ್ ಆಗಿ ಬೀಳುವ ಸ್ವಿಚ್. ಮೊದಲ ಹೆಜ್ಜೆಗೆ ಒಂದು ಉಪಕರಣವೂ ಬೇಡ. ಮನೆಯ ಎಲ್ಲ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಯಾಕೆಂದರೆ ಸ್ವಿಚ್ ತಡೆಯುವುದು ಫೇಸನ್ನು ಮಾತ್ರ. ಈಗ ಆರ್‌ಸಿಸಿಬಿ ಬೀಳದೆ ನಿಂತರೆ ತೊಂದರೆ ಯಾವುದೋ ಯಂತ್ರದ್ದು. ಒಂದೊಂದಾಗಿ ಹಾಕುತ್ತ ಬನ್ನಿ. ಗೀಸರ್, ವಾಷಿಂಗ್ ಮೆಷಿನ್, ಹಳೇ ಫ್ರಿಜ್ ಇವನ್ನು ಮೊದಲು ಅನುಮಾನಿಸಿ. 30 ಮಿಲಿಆಂಪಿನ ಆರ್‌ಸಿಸಿಬಿ, ಸೋರಿಕೆ 15 ಮಿಲಿಆಂಪ್ ದಾಟಿದ ಮೇಲೆ 30 ಆಗುವುದರೊಳಗೆ ಯಾವಾಗ ಬೇಕಾದರೂ ಬೀಳಬಹುದು. ಹಾಗಾಗಿ ಒಂದೊಂದೂ ಸರಿಯಾಗಿರುವ ಹತ್ತು ಯಂತ್ರಗಳ ಚಿಕ್ಕ ಚಿಕ್ಕ ಸೋರಿಕೆ ಸೇರಿಯೂ ಅದು ಬೀಳುತ್ತದೆ. ಆಗ ನೆಲದ ವೈರಿಗೆ ಸುಮ್ನೆ ಕೆಟ್ಟ ಹೆಸರು.

ಎಲ್ಲ ಪ್ಲಗ್ ಕಿತ್ತರೂ ಬೀಳುತ್ತಿದೆ. ಈಗ ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದೇ ಎಂಸಿಬಿ ಮೇಲೆತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಸರ್ಕ್ಯೂಟಿನ ಫೇಸ್ ಅರ್ತಿಗೆ ಸೋರುತ್ತಿದೆ. ಇದು ಸುಲಭದ ಕೇಸು.

ತಲೆಕೆಡಿಸುವ ಕೇಸು ಬೇರೆ. ಯಾವ ಎಂಸಿಬಿ ಎತ್ತಿದರೂ ಏನೂ ಆಗುವುದಿಲ್ಲ, ಆದರೆ ಇನ್ಯಾವುದೋ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ಬೀಳುತ್ತದೆ. ಇಸ್ತ್ರಿಪೆಟ್ಟಿಗೆ ಬದಲಾಯಿಸಿದರೂ ಅದೇ ಕಥೆ. ಇದು ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿರುವ ಲಕ್ಷಣ. ಒಂದೇ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಯಾವಾಗಲೂ ಜೋಡಿಸಿಯೇ ಇರುತ್ತದೆ. ಮನೆಯಲ್ಲಿ ಎಲ್ಲಿ ಲೋಡ್ ಬಿದ್ದರೂ ವಾಪಸ್ ಬರುವ ಕರೆಂಟಿನಲ್ಲಿ ಒಂದು ಪಾಲು ಆ ತಾಗಿದ ಜಾಗದಿಂದ ಅರ್ತಿಗೆ ಹೋಗುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆ ಆಗದೆ ಆರ್‌ಸಿಸಿಬಿ ಬೀಳುತ್ತದೆ. ನೆಲದಲ್ಲಿ ಮೊಳೆ ಚುಚ್ಚಿಕೊಂಡ ವೈರಿನಲ್ಲಿ ಇದು ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಹಿಡಿಯಬೇಕಾದರೆ ಕರೆಂಟ್ ಪೂರ್ತಿ ತೆಗೆದು ನ್ಯೂಟ್ರಲ್ ಬಾರಿನಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ, ಅದಕ್ಕೂ ಅರ್ತಿಗೂ ನಡುವೆ ಮೀಟರ್ ಇಟ್ಟು ನೋಡಬೇಕು. ಸರಿಯಿದ್ದ ನ್ಯೂಟ್ರಲ್ ಏನೂ ತೋರಿಸುವುದಿಲ್ಲ. ತಾಗಿರುವುದು ಕೆಲವೇ ಓಮ್ ತೋರಿಸಿ ಸಿಕ್ಕಿಬೀಳುತ್ತದೆ.

ಸರ್ಕ್ಯೂಟ್ ಯಾವುದು ಅಂತ ಗೊತ್ತಾದ ಮೇಲೆ ಅರ್ಧಕ್ಕೆ ಕಡಿಯುತ್ತ ಹೋಗಿ. ಆ ಸರ್ಕ್ಯೂಟಿನಲ್ಲಿ ಆರು ಸಾಕೆಟ್ ಇದ್ದರೆ ಮೂರನೆಯದನ್ನು ಬಿಚ್ಚಿ, ಮುಂದೆ ಹೋಗುವ ವೈರುಗಳನ್ನು ಬೇರೆ ಮಾಡಿ. ದೋಷ ಹಿಂದುಗಡೆ ಉಳಿಯಿತಾ, ಮುಂದಕ್ಕೆ ಹೋಯಿತಾ? ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ಎರಡು ಮೂರು ಸಲಕ್ಕೆ ಎರಡು ಬಾಕ್ಸ್‌ಗಳ ನಡುವಿನ ಒಂದೇ ತುಂಡು ಪೈಪಿಗೆ ಬಂದು ನಿಲ್ಲುತ್ತೀರಿ. ಇಲ್ಲಿಯವರೆಗೆ ಒಂದು ಟೈಲ್ ಕೂಡ ಮುಟ್ಟಿಲ್ಲ, ಅಲ್ವಾ?

ಆ ತುಂಡಿಗೆ ಮೆಗ್ಗರ್ ಹಾಕಿಸಿ. 230 ವೋಲ್ಟಿನ ವೈರಿಂಗಿಗೆ 500 ವೋಲ್ಟ್ ಡಿಸಿ ಬಿಟ್ಟು ನೋಡುತ್ತಾರೆ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಅದು ಫೇಲು. ಒಳ್ಳೇ ವೈರ್ ಹತ್ತಾರು, ನೂರಾರು ಮೆಗಾಓಮ್ ತೋರಿಸುತ್ತದೆ. 2, 3 ಬಂದರೆ ಪಾಸಾಯಿತು ಅಂತ ಖುಷಿಪಡಬೇಡಿ, ಎಲ್ಲೋ ತೇವ ಹತ್ತಿದೆ. ಮೆಗ್ಗರ್ ಹಾಕುವ ಮುಂಚೆ ಎಲ್‌ಇಡಿ ದೀಪ, ಡಿಮ್ಮರ್, ಸರ್ಜ್ ತಡೆಯುವ ಸಾಧನ ಎಲ್ಲ ಬಿಚ್ಚಿರಬೇಕು. ಇಲ್ಲದಿದ್ದರೆ ಅವು ಸುಟ್ಟುಹೋಗಬಹುದು, ಅಥವಾ ಸುಳ್ಳು ಲೆಕ್ಕ ಕೊಡುತ್ತವೆ.

ಮಳೆ ಬಂದಾಗ, ನೆಲ ತೊಳೆದಾಗ ಮಾತ್ರ ಬೀಳುತ್ತದೆ

ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಎಲೆಕ್ಟ್ರಿಷಿಯನ್ ಬರುವಷ್ಟರಲ್ಲಿ ಎಲ್ಲ ಸರಿ, ಅವರು ಹೋದ ಮರುದಿನ ಮತ್ತೆ ಶುರು. ಇಂಥದ್ದರಲ್ಲಿ ಒಂದು ಚೀಟಿ ಇಟ್ಟು ಬರೆದುಕೊಳ್ಳಿ. ಆರ್‌ಸಿಸಿಬಿ ಯಾವಾಗ ಬಿತ್ತು, ಅದಕ್ಕೆ ಎಷ್ಟು ಹೊತ್ತು ಮುಂಚೆ ನೀರು ಬಿತ್ತು, ಎಷ್ಟು ಹೊತ್ತಿಗೆ ಸರಿಯಾಯಿತು. ತೊಳೆದ ಐದು ನಿಮಿಷಕ್ಕೇ ಬಿದ್ದರೆ ನೀರು ಸೀದಾ ನೆಲದ ಬಾಕ್ಸಿಗೋ ಗೋಡೆಯ ಕೆಳಗಿನ ಸಾಕೆಟ್ಟಿಗೋ ಹೋಗುತ್ತಿದೆ. ಅರ್ಧ ದಿನ ಬಿಟ್ಟು ಬಿದ್ದರೆ ನೀರು ಟೈಲ್ಸ್ ಸಂದಿನಿಂದ ಇಳಿದು, ಗಾರೆ ನೆನೆದು, ಆಮೇಲೆ ಪೈಪಿನ ಜಾಯಿಂಟಿನೊಳಗೆ ಹೋಗುತ್ತಿದೆ. ಹೊರಗಿನ ಗೇಟಿನ ದೀಪ, ಅಂಗಳದ ದೀಪಗಳನ್ನು ಮೊದಲು ಬಿಚ್ಚಿ ನೋಡಿ. ಮಳೆಗಾಲದ ಅರ್ಧ ದೂರು ಅಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ.

ನೆಲದ ಪೈಪಿನ ಒಂದು ಕಷ್ಟ ಏನೆಂದರೆ ಅದು ಒಂದು ಗೋಡೆಯಿಂದ ಇಳಿದು, ನೆಲದಲ್ಲಿ ಮಲಗಿ, ಇನ್ನೊಂದು ಗೋಡೆಗೆ ಏರುತ್ತದೆ. ನೀರು ಒಳಗೆ ಹೋದರೆ ಆಚೆ ಬರಲು ದಾರಿಯೇ ಇಲ್ಲ. ಹೊರಗಿನಿಂದ ನೀರು ಹೋಗದಿದ್ದರೂ ಬಿಸಿ, ತಂಪು ಬದಲಾಗುತ್ತ ಒಳಗಿನ ಗಾಳಿಯ ತೇವವೇ ಹನಿಯಾಗಿ ತಗ್ಗಿನಲ್ಲಿ ಸೇರುತ್ತದೆ. ಮೇಲ್ಪದರ ಗಟ್ಟಿಯಿರುವ ವೈರಿಗೆ ಇದರಿಂದ ಕೂಡಲೇ ಏನೂ ಆಗುವುದಿಲ್ಲ. ಆದರೆ ಅಲ್ಲೊಂದು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ, ಎಳೆಯುವಾಗ ಪೈಪಿನ ಅಂಚಿಗೆ ಉಜ್ಜಿ ಗೀರಾಗಿದ್ದರೆ ಸೋರಿಕೆ ಶುರು. ಕರೆಂಟ್ ಪೂರ್ತಿ ತೆಗೆದು, ಎರಡೂ ಬಾಕ್ಸ್ ಬಿಚ್ಚಿ, ಒಂದು ಕಡೆಯಿಂದ ನೀರೆಳೆಯುವ ವ್ಯಾಕ್ಯೂಮ್ ಹಚ್ಚಿ ನೋಡಿ. ನೀರು ಬಂತು ಅಂದರೆ ಕಾರಣ ಗೊತ್ತಾಯಿತು, ಆದರೆ ಕೆಲಸ ಮುಗಿಯಲಿಲ್ಲ. ಒಣಗಿಸಿ ಅದೇ ವೈರನ್ನು ಮತ್ತೆ ಹಾಕಿದರೆ ಮುಂದಿನ ಮಳೆಗೆ ಮತ್ತೆ ಅದೇ. ವೈರ್ ಎಳೆದು ಹೊಸದು ಹಾಕಿ, ನಡುವೆ ಜಾಯಿಂಟ್ ಇಲ್ಲದ ಒಂದೇ ಉದ್ದದ ವೈರ್.

ಎಂಸಿಬಿ ಏರಿಸಿದ ಕೂಡಲೇ ಟಪ್ ಅಂತ ಬೀಳುತ್ತದೆ

ಒಂದೆರಡು ನಿಮಿಷ ಬಿಟ್ಟು ಬಿದ್ದರೆ ಲೋಡ್ ಜಾಸ್ತಿ. ಏರಿಸಿದ ಕ್ಷಣಕ್ಕೇ ಬಿದ್ದರೆ ಶಾರ್ಟ್. ಶಾರ್ಟ್ ಅಂತ ಗೊತ್ತಾದ ಮೇಲೆ ಮತ್ತೆ ಮತ್ತೆ ಏರಿಸಿ ನೋಡಬೇಡಿ, ಪ್ರತಿ ಸಲವೂ ಆ ಜಾಗದಲ್ಲಿ ದೊಡ್ಡ ಕಿಡಿ ಹಾರುತ್ತದೆ. ಪ್ಲಗ್ ಕೀಳುವುದು, ಅರ್ಧಕ್ಕೆ ಕಡಿಯುವುದು ಇಲ್ಲೂ ಹಾಗೆಯೇ.

ಕೊನೆಗೆ ಒಂದೇ ತುಂಡು ಪೈಪ್ ಉಳಿದಾಗ ದೂರ ಅಳೆಯುವ ಒಂದು ಉಪಾಯ ಇದೆ. 2.5 ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ ಸುಮಾರು 7.4ರಿಂದ 8 ಮಿಲಿಓಮ್ ರೆಸಿಸ್ಟೆನ್ಸ್. 10 ಮೀಟರ್ ಹೋಗಿ ಬಂದರೂ ಓಮಿನ ಆರನೇ ಒಂದು ಭಾಗದಷ್ಟೂ ಇಲ್ಲ. ಮಾಮೂಲಿ ಮಲ್ಟಿಮೀಟರಿನ ಓಮ್ ಸ್ಕೇಲಿನಲ್ಲಿ ಇದು ಪ್ರೋಬಿನ ವೈರಿನೊಳಗೇ ಮುಳುಗಿಹೋಗುತ್ತದೆ. ಅದಕ್ಕೆ ಓಮ್ ಬಿಟ್ಟು ಮಿಲಿವೋಲ್ಟ್ ಅಳೆಯಿರಿ. ಫೇಸ್ ಅರ್ತಿಗೆ ತಾಗಿದೆ, ನ್ಯೂಟ್ರಲ್ ಸರಿ ಇದೆ ಅಂದುಕೊಳ್ಳಿ. ಕರೆಂಟ್ ತೆಗೆದು ಮೂರೂ ವೈರನ್ನು ಎರಡೂ ಕಡೆ ಬಿಚ್ಚಿ. ಆಚೆ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಸೇರಿಸಿ. ಈಚೆ ತುದಿಯಲ್ಲಿ, ಕರೆಂಟನ್ನು ಮಿತಿಯಲ್ಲಿಡುವ ಚಿಕ್ಕ ಡಿಸಿ ಪವರ್ ಸಪ್ಲೈನಿಂದ ಫೇಸ್ ಮತ್ತು ಅರ್ತ್ ನಡುವೆ ಸರಿಯಾಗಿ 1 ಆಂಪ್ ಹರಿಸಿ. ಈಗ ಈಚೆ ತುದಿಯಲ್ಲೇ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಮಿಲಿವೋಲ್ಟ್ ನೋಡಿ. ಕರೆಂಟ್ ಹರಿಯುವುದು ಫೇಸಿನಲ್ಲಿ ಇಲ್ಲಿಂದ ದೋಷದವರೆಗೆ ಮಾತ್ರ. ಅದರಾಚೆಯ ಫೇಸು, ವಾಪಸ್ ಬರುವ ನ್ಯೂಟ್ರಲ್ಲು ಎರಡೂ ಬರೀ ಅಳತೆಯ ತಂತಿಯಾಗಿ ಕೆಲಸ ಮಾಡುತ್ತವೆ. 45 ಮಿಲಿವೋಲ್ಟ್ ಬಂದರೆ ದೋಷ ಸುಮಾರು 6 ಮೀಟರ್ ದೂರದಲ್ಲಿದೆ. ತಾಗಿರುವ ಜಾಗದ ರೆಸಿಸ್ಟೆನ್ಸ್ ಎಷ್ಟಿದ್ದರೂ ಲೆಕ್ಕ ಕೆಡುವುದಿಲ್ಲ, 1 ಆಂಪ್ ಹರಿದರೆ ಸಾಕು. ನನಗೆ ತುಂಬಾ ಇಷ್ಟವಾದ ಅಳತೆ ಇದು.

ನೆಲ ಒಂದು ಕಡೆ ಬೆಚ್ಚಗಿದೆ

ಮೊದಲು ಬಿಸಿನೀರಿನ ಪೈಪ್ ಅನುಮಾನಿಸಿ. ಗೀಸರ್ ಆಫ್ ಮಾಡಿ ಅರ್ಧ ದಿನ ಬಿಡಿ, ಬೆಚ್ಚಗಿನ ಜಾಗ ತಣ್ಣಗಾದರೆ ಪ್ಲಂಬರ್ ಕರೆಯಿರಿ.

ಹಾಗಲ್ಲದಿದ್ದರೆ ವಿಷಯ ಗಂಭೀರ. ಸರಿಯಾದ ವೈರ್ ನೆಲವನ್ನು ಬಿಸಿ ಮಾಡುವುದಿಲ್ಲ. 2.5 ಚದರ ಮಿ.ಮೀ. ವೈರಿನಲ್ಲಿ 10 ಆಂಪ್ ಹರಿದರೂ ಹೋಗುವ ಬರುವ ವೈರ್ ಸೇರಿ ಮೀಟರಿಗೆ ಒಂದೂವರೆ ವ್ಯಾಟ್ ಅಷ್ಟೇ ಹುಟ್ಟುತ್ತದೆ, ಅದು ಕಾಂಕ್ರೀಟಿನಲ್ಲಿ ಕಳೆದುಹೋಗುತ್ತದೆ. ಅಂಗಾಲಿಗೆ ತಿಳಿಯುವಷ್ಟು ಬಿಸಿ ಒಂದೇ ಜಾಗದಲ್ಲಿ ಬಂತು ಅಂದರೆ ಅಲ್ಲಿ ಕೆಟ್ಟ ಜಾಯಿಂಟ್ ಇದೆ, ಇಲ್ಲವೇ ಕರೆಂಟ್ ಅರ್ತಿಗೆ ಸೋರುತ್ತಿದೆ. 230 ವೋಲ್ಟಿನಲ್ಲಿ 1 ಆಂಪ್ ಸೋರಿದರೆ 230 ವ್ಯಾಟ್. 16 ಆಂಪಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಇಲ್ಲದ ಹಳೇ ಮನೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯಬಹುದು. ಎಲ್ಲ ಪ್ಲಗ್ ಕಿತ್ತು, ಎಲ್ಲ ದೀಪ ಆರಿಸಿದ ಮೇಲೂ ವಿದ್ಯುತ್ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ಆ ಎಂಸಿಬಿ ಇಳಿಸಿ, ಇಳಿಸಿಯೇ ಇಡಿ. ಎಲೆಕ್ಟ್ರಿಷಿಯನ್ ಹತ್ತಿರ ಮಿಲಿಆಂಪ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯೊಳಗೆ ಹಾಕಿ ನೋಡುತ್ತಾರೆ. ಸರಿಯಿದ್ದರೆ ಸೊನ್ನೆಯ ಹತ್ತಿರ. ಸೊನ್ನೆ ಅಲ್ಲದ್ದೆಲ್ಲ ಸೋರಿಕೆ.

ನೆಲಕ್ಕೆ ಡ್ರಿಲ್ ಹಾಕಬೇಕು, ವೈರ್ ಎಲ್ಲಿದೆ ಗೊತ್ತಿಲ್ಲ

ಇಲ್ಲಿ ಮಾತ್ರ ದಾರಿ ನಿಜವಾಗಿ ಬೇಕು. ಮನೆ ಕಟ್ಟುವಾಗ ಪೈಪ್ ಹಾಸಿದ್ದರ ಫೋಟೋ ಯಾರ ಫೋನಿನಲ್ಲಾದರೂ ಇದೆಯಾ ಮೊದಲು ಹುಡುಕಿ. ಯಂತ್ರಗಳಿಗಿಂತ ಅದು ನಂಬಿಕಸ್ಥ. ಇಲ್ಲದಿದ್ದರೆ ಬಾಕ್ಸ್ ಬಿಚ್ಚಿ ಪೈಪ್ ಯಾವ ಕಡೆಯಿಂದ ಬಂದಿದೆ ನೋಡಿ. ಕೆಳಗಿನಿಂದ ಬಂದಿದ್ದರೆ ನೆಲದ್ದು. ಗೋಡೆಯಲ್ಲಿ ಪೈಪ್ ನೇರ ಇಳಿಯುತ್ತದೆ, ನೆಲದಲ್ಲಿ ಹಾಗೆ ಅಂದುಕೊಳ್ಳಬೇಡಿ. ಹಾಸುವವರು ಉದ್ದ ಉಳಿಸಲು ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಎಳೆದುಬಿಟ್ಟಿರುತ್ತಾರೆ. ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿ ಉದ್ದ ಅಳೆಯಿರಿ, ಕರೆಂಟ್ ಪೂರ್ತಿ ತೆಗೆದೇ, ಯಾಕೆಂದರೆ ಅದು ಉಕ್ಕು. ಆ ಉದ್ದ ಎರಡು ಬಾಕ್ಸ್‌ಗಳ ನೇರ ದೂರಕ್ಕೆ ಹತ್ತಿರ ಇದ್ದರೆ ಪೈಪ್ ಅಡ್ಡ ಹೋಗಿದೆ. ಗೋಡೆ ಪಕ್ಕದಲ್ಲೇ ಸುತ್ತಿ ಬರುವ ಉದ್ದಕ್ಕೆ ಹತ್ತಿರ ಇದ್ದರೆ ಅಂಚಿನಲ್ಲಿ ಹೋಗಿದೆ.

ಮುಟ್ಟದೆಯೇ ಕರೆಂಟ್ ತೋರಿಸುವ ಪೆನ್ ಟೆಸ್ಟರನ್ನು ನೆಲದ ಮೇಲೆ ನಂಬಬೇಡಿ. ತೇವ ಇರುವ ಕಾಂಕ್ರೀಟು, ಅದರೊಳಗಿನ ಕಂಬಿ ಎರಡೂ ಅದರ ಕಣ್ಣು ಕಟ್ಟುತ್ತವೆ. ಗೋಡೆ ಸ್ಕ್ಯಾನರ್ ಸ್ವಲ್ಪ ವಾಸಿ, ಆದರೂ ಕರೆಂಟ್ ವೈರ್ ಹುಡುಕುವ ಅದರ ಶಕ್ತಿ ಕೆಲವೇ ಸೆಂಟಿಮೀಟರ್ ಆಳಕ್ಕೆ. ಅದು ಕಂಬಿಗೂ ಕೂಗುತ್ತದೆ. ಸಮ ಅಂತರದಲ್ಲಿ, ಉದ್ದಕ್ಕೂ ಅಡ್ಡಕ್ಕೂ ಚೌಕ ಚೌಕವಾಗಿ ಕೂಗಿದರೆ ಅದು ಕಂಬಿಯ ಜಾಲರಿ. ಆ ಚೌಕಕ್ಕೆ ಹೊಂದದೆ ಓರೆಯಾಗಿ ಹೋಗುವ ಗೆರೆ ಸಿಕ್ಕರೆ ಅದು ನಿಮ್ಮ ಪೈಪ್ ಇರಬಹುದು. ಕೂಗಲಿಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ ಅಲ್ಲ. ಪ್ಲಾಸ್ಟಿಕ್ ಪೈಪಿಗೆ ಅದರ ಲೋಹ ಹುಡುಕುವ ಕಣ್ಣು ಕುರುಡು.

ಸರಿಯಾದ ಸಾಧನ ವೈರ್ ಟ್ರೇಸರ್. ಒಂದು ಪೆಟ್ಟಿಗೆ ವೈರಿಗೆ ಸಂಕೇತ ಬಿಡುತ್ತದೆ, ಕೈಯಲ್ಲಿ ಹಿಡಿದ ಇನ್ನೊಂದು ಅದನ್ನು ಕೇಳಿಸಿಕೊಳ್ಳುತ್ತದೆ. ಬಾಡಿಗೆಗೆ ಸಿಕ್ಕರೆ ತಂದುಕೊಳ್ಳಿ. ಆದರೆ ತಂದವರು ಮಾಡುವ ತಪ್ಪು ಒಂದೇ: ಪೆಟ್ಟಿಗೆಯ ಎರಡು ಕ್ಲಿಪ್ಪನ್ನು ಫೇಸಿಗೂ ಅದೇ ಪೈಪಿನ ನ್ಯೂಟ್ರಲ್ಲಿಗೂ ಹಾಕುತ್ತಾರೆ. ಹೋಗುವ ಸಂಕೇತ, ಬರುವ ಸಂಕೇತ ಪಕ್ಕಪಕ್ಕದಲ್ಲೇ ಇದ್ದು ಒಂದನ್ನೊಂದು ಕೊಂದುಹಾಕುತ್ತವೆ. ಮೇಲೆ ಏನೂ ಕೇಳುವುದಿಲ್ಲ. ಒಂದು ಕ್ಲಿಪ್ ಬಿಚ್ಚಿಟ್ಟ, ಕರೆಂಟ್ ಇಲ್ಲದ ವೈರಿಗೆ. ಇನ್ನೊಂದು ದೂರದ ಬೇರೆ ಅರ್ತಿಗೆ, ಉದ್ದ ವೈರ್ ಎಳೆದು. ಆಚೆ ತುದಿಯಲ್ಲಿ ಆ ವೈರನ್ನು ಅರ್ತಿಗೆ ಸೇರಿಸಿದರೆ ಸಂಕೇತ ಇನ್ನೂ ಗಟ್ಟಿಯಾಗುತ್ತದೆ, ಆ ಅರ್ತು ಅದೇ ಪೈಪಿನಲ್ಲಿ ವಾಪಸ್ ಬರುವುದಾಗಿರಬಾರದು ಅಷ್ಟೇ. ಮೊದಲು ಜೋರಾಗಿ ಇಟ್ಟು ಅಂದಾಜು ದಾರಿ ಹಿಡಿಯಿರಿ, ಆಮೇಲೆ ಶಕ್ತಿ ಇಳಿಸುತ್ತ ಬನ್ನಿ. ಎಡಕ್ಕೆ ಸದ್ದು ಸಾಯುವ ಜಾಗ, ಬಲಕ್ಕೆ ಸಾಯುವ ಜಾಗ, ಎರಡರ ನಡುವೆ ಸೀಮೆಸುಣ್ಣದ ಗುರುತು. ಅರ್ಧ ಅರ್ಧ ಮೀಟರಿಗೆ ಒಂದು ಗುರುತು ಹಾಕಿ, ಕೊನೆಗೆ ಎದ್ದು ನಿಂತು ನೋಡಿದರೆ ಗೆರೆ ಕಾಣುತ್ತದೆ. ಒಂದು ಗುರುತು ಮಾತ್ರ ಸಾಲಿನಿಂದ ಹಾರಿದ್ದರೆ ಅದು ಕಂಬಿ ಮಾಡಿದ ಮೋಸ. ಪೈಪೇ ಕಬ್ಬಿಣದ್ದಾಗಿದ್ದರೆ ಸಂಕೇತ ಒಳಗೇ ಉಳಿದುಬಿಡುತ್ತದೆ, ಆಗ ಬೇರೆ ದಾರಿ ನೋಡಬೇಕು.

ದೊಡ್ಡ ಕಟ್ಟಡ, ಆಳದ ರಂಧ್ರ, ಯಂತ್ರ ಕೂರಿಸುವ ಕೆಲಸ ಅಂದರೆ ನೆಲ ಸ್ಕ್ಯಾನ್ ಮಾಡುವ ರಾಡಾರ್ ಇರುವವರನ್ನೇ ಕರೆಸಿ. ಅದು ಪ್ಲಾಸ್ಟಿಕ್ ಪೈಪನ್ನೂ ತೋರಿಸಬಲ್ಲದು. ಹೊಸದಾಗಿ ಹಾಕಿದ, ಇನ್ನೂ ತೇವ ಆರದ ಕಾಂಕ್ರೀಟಿನಲ್ಲಿ ಅದಕ್ಕೂ ಸರಿಯಾಗಿ ಕಾಣುವುದಿಲ್ಲ.

ಡ್ರಿಲ್ ಹಾಕಿ ಆಗಿಹೋಗಿದೆ, ಕಿಡಿ ಹಾರಿತು

ಡ್ರಿಲ್ ಬಿಟ್ಟುಬಿಡಿ, ಮೇನ್ ಇಳಿಸಿ, ಆಮೇಲೆ ಬಿಟ್ ಹೊರಗೆ ತೆಗೆಯಿರಿ. ಬಿಟ್ಟಿನ ತುದಿಯಲ್ಲಿ ತಾಮ್ರದ ಪುಡಿ, ಬಣ್ಣದ ಪ್ಲಾಸ್ಟಿಕ್ ಚೂರು ಇದೆಯಾ ನೋಡಿ. ಕರೆಂಟ್ ಹೋಗಲಿಲ್ಲ, ಎಲ್ಲ ಕೆಲಸ ಮಾಡುತ್ತಿದೆ ಅಂತ ಆ ತೂತಿಗೆ ಸಿಮೆಂಟ್ ಮೆತ್ತಿಬಿಡಬೇಡಿ. ಮೇಲ್ಪದರ ಮಾತ್ರ ಗೀರಿಹೋಗಿರಬಹುದು, ಈಗ ಸುಮ್ಮನಿದ್ದು ತೇವ ಹತ್ತಿದ ದಿನ ಕಾಣಿಸಿಕೊಳ್ಳುತ್ತದೆ. ಮೆಗ್ಗರ್ ಹಾಕಿಸಿಯೇ ಮುಚ್ಚಿ. ಒಂದು ಸಮಾಧಾನ, ಇಲ್ಲಿ ದೋಷದ ಜಾಗ ಹುಡುಕುವ ಕೆಲಸವೇ ಇಲ್ಲ.

ಹಳೇ ವೈರ್ ಎಳೆದರೆ ಬರುತ್ತಿಲ್ಲ

ಬಲವಂತ ಮಾಡಿ ಎಳೆದು ವೈರ್ ಒಳಗೇ ತುಂಡಾದರೆ ಹೊಸದನ್ನು ಕಟ್ಟಿ ಎಳೆಯುವ ದಾರವೂ ಹೋಯಿತು. ಒಬ್ಬರು ಎಳೆಯುವಾಗ ಇನ್ನೊಬ್ಬರು ಆಚೆಯಿಂದ ತಳ್ಳಿ ಕೊಡಬೇಕು. ವೈರ್ ಎಳೆಯಲು ಮಾಡಿದ ಜಾರುವ ಜೆಲ್ ಹಾಕಬಹುದು. ಎಣ್ಣೆ ಬೇಡ, ಅದು ವೈರಿನ ಮೇಲ್ಪದರ ಹಾಳು ಮಾಡುತ್ತದೆ. ಆದರೂ ಬರಲಿಲ್ಲ ಅಂದರೆ ಪೈಪ್ ಜಜ್ಜಿದೆ, ಅಥವಾ ಕಾಂಕ್ರೀಟ್ ಹಾಕುವಾಗ ಸಿಮೆಂಟ್ ಹಾಲು ಒಳಗೆ ಹೋಗಿ ಗಟ್ಟಿಯಾಗಿದೆ. ಎರಡೂ ಕಡೆಯಿಂದ ಸ್ಪ್ರಿಂಗ್ ತೂರಿಸಿ ಎಲ್ಲಿಗೆ ನಿಲ್ಲುತ್ತದೆ ಅಂತ ಟೇಪ್ ಸುತ್ತಿ ಗುರುತು ಮಾಡಿ. ಆ ಉದ್ದವನ್ನು ನೆಲದ ಮೇಲೆ ಇಟ್ಟು ನೋಡಿದರೆ ತಡೆ ಇರುವ ಜಾಗ ಎರಡು ಗುರುತುಗಳ ನಡುವೆ.

ಈ ಹಂತದಲ್ಲಿ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಪೈಪನ್ನು ಉಳಿಸಿಕೊಳ್ಳಲೇಬೇಕಾ? ಎರಡೂ ತುದಿ ಬಿಚ್ಚಿ, ವೈರುಗಳ ತಲೆಗೆ ಟೇಪ್ ಸುತ್ತಿ, ಈ ದಾರಿ ಬಳಕೆಯಲ್ಲಿಲ್ಲ ಅಂತ ಬಾಕ್ಸಿನಲ್ಲಿ ಚೀಟಿ ಅಂಟಿಸಿ, ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹೊಡೆದು ಹೊಸ ವೈರ್ ಎಳೆದರೆ ಅರ್ಧ ದಿನದ ಕೆಲಸ. ನೋಡಲು ಚೆನ್ನಾಗಿಲ್ಲ ಅನ್ನುವವರಿದ್ದಾರೆ. ಒಡೆದು ಮೆತ್ತಿದ, ಬಣ್ಣ ಹೊಂದದ ಟೈಲ್ ಕೂಡ ಚೆನ್ನಾಗೇನೂ ಕಾಣುವುದಿಲ್ಲ.

ಒಡೆಯಲೇಬೇಕು ಅಂತಾದರೆ

ಕಟ್ಟಡದ ಹಾಸು ಪೋಸ್ಟ್ ಟೆನ್ಶನ್ ಬಗೆಯದ್ದು ಅಂತ ಗೊತ್ತಿದ್ದರೆ, ಅನುಮಾನ ಇದ್ದರೂ ಕೂಡ, ಕಟರ್ ಕೆಳಗಿಡಿ. ಅದರೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹಗ್ಗಗಳಲ್ಲಿ ಒಂದು ಕಡಿದರೂ ಪ್ರಾಣಕ್ಕೆ ಕುತ್ತು, ಕಟ್ಟಡಕ್ಕೂ ಕುತ್ತು. ಎಂಜಿನಿಯರ್ ಹೇಳದೆ ಮುಟ್ಟಬಾರದು. ಮಾಮೂಲಿ ಹಾಸಿನಲ್ಲೂ ಟೈಲ್ಸ್ ಮತ್ತು ಗಾರೆಯ ಆಳಕ್ಕೆ ಮಾತ್ರ ಇಳಿಯಿರಿ, ಕಂಬಿ ಕಾಣಿಸಿದರೆ ನಿಲ್ಲಿಸಿ. ನೀರಿನ ಪೈಪ್, ಗ್ಯಾಸ್ ಪೈಪ್, ನೆಲ ಬಿಸಿ ಮಾಡುವ ತಂತಿ ಅದೇ ದಾರಿಯಲ್ಲಿ ಇರಬಹುದು. ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ವಿಷ, ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಕೊನೆಯ ಒಂದೆರಡು ಸೆಂಟಿಮೀಟರ್ ಯಂತ್ರ ಬಿಟ್ಟು ಉಳಿ ಸುತ್ತಿಗೆಯಲ್ಲಿ ನಿಧಾನ ಕೆತ್ತಿ.

ಪೈಪ್ ಸಿಕ್ಕ ಮೇಲೆ ಕೆಟ್ಟ ತುಂಡನ್ನು ಕತ್ತರಿಸಿ ಹೊಸ ಪೈಪ್ ಜೋಡಿಸಿ. ವೈರನ್ನು ಮಾತ್ರ ಅಲ್ಲೇ ಜೋಡಿಸಿ ಮುಚ್ಚಬೇಡಿ, ಬಾಕ್ಸಿನಿಂದ ಬಾಕ್ಸಿಗೆ ಪೂರ್ತಿ ಹೊಸದನ್ನು ಎಳೆಯಿರಿ. ಮುಚ್ಚುವ ಮುಂಚೆ ಮೆಗ್ಗರ್, ಮುಚ್ಚಿ ಗಾರೆ ಒಣಗಿದ ಮೇಲೆ ಇನ್ನೊಮ್ಮೆ ಮೆಗ್ಗರ್. ತೆರೆದಿರುವಾಗಲೇ ಎರಡು ಗೋಡೆಗಳಿಂದ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಅದನ್ನು ಪ್ರಿಂಟ್ ಹಾಕಿಸಿ ಡಿಬಿ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿ, ಪಕ್ಕದಲ್ಲೇ ಮೆಗ್ಗರ್ ಲೆಕ್ಕ ಮತ್ತು ತಾರೀಕು ಬರೆದಿಡಿ.